ದುಬಾರಿ ಅಂತ ಬೇಡ ಅಂದೆವು

ಕ್ಸಾವಿ ಹೆರ್ನಾಂಡೆಸ್‌ಗೆ ನಾವು ಕೆಲಸ ಕೊಡಲಿಲ್ಲ. ಇನ್ನೊಂದು ಸಲ ನಿಧಾನವಾಗಿ ಓದಿಕೊಳ್ಳಿ, ಹೊಟ್ಟೆ ತಣ್ಣಗಾಗುತ್ತೆ. 2010ರಲ್ಲಿ ಫುಟ್‌ಬಾಲ್ ವಿಶ್ವಕಪ್ ಗೆದ್ದ ಸ್ಪೇನ್ ತಂಡದ ಆಟ ನಡೆಸಿದವರು, ಕೋಚ್ ಆಗಿ 2023ರಲ್ಲಿ ಬಾರ್ಸಿಲೋನಾಗೆ ಲೀಗ್ ಗೆದ್ದುಕೊಟ್ಟವರು, 2025ರಲ್ಲಿ ಭಾರತ ತಂಡಕ್ಕೆ ಕೋಚ್ ಆಗುತ್ತೇನೆ ಅಂತ ಅರ್ಜಿ ಹಾಕಿದರು. ನಮ್ಮವರು ಕೂತು ಲೆಕ್ಕ ಹಾಕಿದರು. ತುಂಬಾ ದುಬಾರಿ, ಆಗಲ್ಲ ಅಂದರು. ರ‍್ಯಾಂಕಿಂಗ್‌ನಲ್ಲಿ 133ನೇ ಜಾಗದಲ್ಲಿ ಕೂತು ಹೀಗೆ ಹೇಳುವುದಕ್ಕೆ ಗಟ್ಟಿ ಎದೆ ಬೇಕು.

ಈ ಹೆಮ್ಮೆಯನ್ನು ಪೂರ್ತಿ ಅನುಭವಿಸೋಕೂ ಬಿಡಲಿಲ್ಲ. ಆ ಅರ್ಜಿ ಅಸಲಿಯಲ್ಲ ಅಂತ ಫುಟ್‌ಬಾಲ್ ಫೆಡರೇಷನ್‌ನವರೇ ಹೇಳಿಕೆ ಕೊಟ್ಟರು. 19 ವರ್ಷದ ಹುಡುಗನೊಬ್ಬ ತಮಾಷೆಗೆ ಮೇಲ್ ಕಳಿಸಿದ್ದನಂತೆ. ಹೆಸರಾಂತ ಕೋಚ್ ಪೆಪ್ ಗ್ವಾರ್ಡಿಯೊಲಾ ಹೆಸರಲ್ಲೂ ಒಂದು ಅರ್ಜಿ ಇತ್ತು. ಪೆಪ್‌ಗೆ ಮ್ಯಾಂಚೆಸ್ಟರ್ ಸಿಟಿ ಜೊತೆ ಆಗ 2027ರವರೆಗೆ ಒಪ್ಪಂದ ಇತ್ತು. ಆದರೂ ಹಾಂಕಾಂಗ್ ವಿರುದ್ಧ ನಾವು ಸೋತ ಪರಿ ನೋಡಿ ಮನಸ್ಸು ತಡೆಯಲಿಲ್ಲ ಅಂತ ಕಾಣುತ್ತೆ, ಪಾಪ.

ಹುಡುಗನನ್ನು ಬೈಯಬೇಡಿ. ಆ ವಯಸ್ಸಿನಲ್ಲಿ ಇನ್ನೇನು ಮಾಡಬೇಕು? ನನ್ನ ತಕರಾರು ಬೇರೆ. ‘ಸ್ವಾಮಿ, ಇದು ನೀವೇನಾ?’ ಅಂತ ಕೇಳುವುದಕ್ಕೆ ಮುಂಚೆ ‘ನಿಮ್ಮ ಸಂಬಳ ಜಾಸ್ತಿ’ ಅನ್ನೋ ಮಾತು ಪತ್ರಿಕೆಗೆ ಹೋಯಿತಲ್ಲ, ಅದು ಹೇಗೆ? ನಮ್ಮ ಬಳ್ಳಾರಿಯಲ್ಲಿ ಒಂದು ಆದಾಯ ಪ್ರಮಾಣಪತ್ರ ಬೇಕೆಂದರೆ ಆಧಾರ್, ರೇಷನ್ ಕಾರ್ಡ್, ಮೊಬೈಲ್‌ಗೆ ಬಂದ ಒಟಿಪಿ ಎಲ್ಲ ಕೊಡಬೇಕು. ಕ್ಸಾವಿ ಇಲ್ಲಿನ ಯಾವುದಾದರೂ ಕೌಂಟರ್‌ಗೆ ಬಂದಿದ್ದರೆ ವಿಷಯ ಐದೇ ನಿಮಿಷದಲ್ಲಿ ಬಗೆಹರಿಯುತ್ತಿತ್ತು. ‘ಅರ್ಜಿಯಲ್ಲಿ ಕ್ಸಾವಿ ಅಂತಿದೆ, ಮಾರ್ಕ್ಸ್ ಕಾರ್ಡಲ್ಲಿ ಕ್ಸೇವಿಯರ್ ಅಂತಿದೆ, ಅಫಿಡವಿಟ್ ಮಾಡಿಸಿಕೊಂಡು ಬರ‍್ರಿ. ಕಲ್ಯಾಣ ಕರ್ನಾಟಕದ 371ಜೆ ಸರ್ಟಿಫಿಕೇಟ್ ಎಲ್ಲಿ? ಸರ್ವರ್ ಡೌನ್ ಐತಿ, ಸೋಮವಾರ ಬರ‍್ರಿ.’ ಅಸಲಿ ಕ್ಸಾವಿಯೇ ಆಗಿದ್ದರೂ ತಾನು ಕ್ಸಾವಿ ಹೌದೋ ಅಲ್ಲವೋ ಅಂತ ಅನುಮಾನ ಬಂದು ವಾಪಸ್ ಹೋಗುತ್ತಿದ್ದರು.

ಅವರು ನಿಜವಾಗಿ ಬಂದೇ ಬಿಟ್ಟಿದ್ದರೆ? ಬಳ್ಳಾರಿಗೂ ಒಂದು ದಿನ ಪ್ರತಿಭೆ ಹುಡುಕೋಕೆ ಬರುತ್ತಿದ್ದರು ಅಂತಿಟ್ಟುಕೊಳ್ಳಿ. ಮೊದಲು ಹಾರ, ಪೇಟ, ಶಾಲು. ಆಮೇಲೆ ವೇದಿಕೆ ಮೇಲೆ ಕ್ಸಾವಿಗಿಂತ ಮುಂದಿನ ಕುರ್ಚಿಗೆ ಜಗಳ. ಮುನ್ಸಿಪಲ್ ಮೈದಾನಕ್ಕೆ ಕರೆದುಕೊಂಡು ಹೋದರೆ ಹಿಂದಿನ ಸಮಾವೇಶದ ಶಾಮಿಯಾನ ಕಂಬದ ಗುಂಡಿಗಳು. ‘ಇದೇನು?’ ಅಂತ ಕೇಳಿದರೆ, ‘ಡ್ರಿಬ್ಲಿಂಗ್ ಪ್ರಾಕ್ಟೀಸಿಗೆ ಸಾರ್’ ಅನ್ನಬಹುದು. ಒಗ್ಗರಣೆ ಮಂಡಕ್ಕಿ ಜೊತೆ ಮಿರ್ಚಿ ಕೊಟ್ಟ ಮೇಲೆ ಅವರೂ ಒಂದಿಷ್ಟು ಓಡುತ್ತಿದ್ದರು. ‘ಶಾಲೆಗಳಲ್ಲಿ ಆಟ ಕಲಿಸುವವರು ಯಾರು?’ ಅಂತ ಕೇಳಿದರೆ ಮಾತ್ರ ಕಷ್ಟ. ಎಷ್ಟೋ ಕಡೆ ಪಿಟಿ ಮೇಷ್ಟ್ರೇ ಇಲ್ಲ. ಇದ್ದ ಕಡೆ ಅವರು ಮತದಾರರ ಪಟ್ಟಿ ಹಿಡಿದು ಮನೆ ಮನೆ ತಿರುಗುತ್ತಿರುತ್ತಾರೆ.

ವಿದೇಶಿ ಮಾಜಿ ತಾರೆಯರು ನಮಗೆ ಹೊಸಬರಲ್ಲ. ಇಗೊರ್ ಸ್ಟಿಮಾಕ್ 1998ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದ ಕ್ರೊಯೇಷಿಯಾ ತಂಡದವರು. ಐದು ವರ್ಷ ಇಲ್ಲಿ ಕೋಚ್ ಆಗಿದ್ದರು. ಇಲ್ಲಿನ ನೀರು ಕುಡಿದ ಮೇಲೆ ಏನಾಯಿತು? ಆಡುವ ಹನ್ನೊಂದು ಜನರನ್ನು ಆರಿಸುವ ಮುಂಚೆ ಆಟಗಾರರ ಪಟ್ಟಿಯನ್ನು ಜ್ಯೋತಿಷಿಗೆ ಕಳಿಸಿ ಗ್ರಹಗತಿ ಕೇಳಿದ್ದರು ಅಂತ 2023ರಲ್ಲಿ ಸುದ್ದಿ ಬಂತು. ಆ ಜ್ಯೋತಿಷಿಯನ್ನು ಅವರಿಗೆ ಗೊತ್ತುಮಾಡಿಕೊಟ್ಟಿದ್ದು ನಮ್ಮವರೇ, ದಕ್ಷಿಣೆ ಲಕ್ಷಗಳಲ್ಲಿ. ಯುರೋಪಿನ ತಂತ್ರ ಕಲಿಸಲಿ ಅಂತ ಕರೆಸಿದವನಿಗೆ ನಾವೇ ಪಂಚಾಂಗ ಕಲಿಸಿ ಕಳಿಸಿದೆವು. ಶನಿ ಆಫ್‌ಸೈಡ್ ಇದ್ದಾನೋ ಇಲ್ಲವೋ ಅಂತ ವಿಡಿಯೋ ನೋಡಿ ತೀರ್ಪು ಕೊಡುವ ವಿಎಆರ್ ಕೂಡ ಹೇಳಲಾರದು.

ನಾವು ಒಂದು ಕಾಲದಲ್ಲಿ ಚೆನ್ನಾಗಿ ಆಡುತ್ತಿದ್ದೆವು ಅನ್ನೋದನ್ನು ಈಗಿನ ಹುಡುಗರು ನಂಬಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ 4–2ರಿಂದ ಸೋಲಿಸಿ. 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ. ಕೋಚ್ ಯಾರು? ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ, ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಮೇಷ್ಟ್ರು. ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರು, ಕೊಪ್ಪಳ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು, ಒಲಿಂಪಿಕ್ಸ್ ಶುರುವಾಗಿದ್ದು ಅದೇ ತಿಂಗಳ ಕೊನೆಗೆ. ಒಂದು ತಿಂಗಳು ಮುಂಚೆ ನಡೆದಿದ್ದರೆ ಆ ಕಡೆಯವರು ‘ನಮ್ಮ ರಾಜ್ಯದ ಕೋಚು’ ಅಂತ ಹೇಳಿಕೊಂಡು ತಿರುಗಬಹುದಿತ್ತು. ಬಳ್ಳಾರಿಯವರಾದ ನಮಗೆ ಆ ಯೋಗವೂ ಇರಲಿಲ್ಲ ಬಿಡಿ, ನಾವು ಮದ್ರಾಸ್ ಕಡೆಯವರು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಕೊಂಡು ಹೋಯಿತಲ್ಲ, ಆಗ ಈ ಕೋಚ್ ಹುದ್ದೆಗೆ ಮಾಡಿದ ಹಾಗೆ ಜಾಗತಿಕ ಜಾಹೀರಾತು ಕೊಟ್ಟು 170 ಅರ್ಜಿ ತರಿಸಿಕೊಂಡರಾ? ಗೇಟಿನ ಕೆಲಸ ಬಲ್ಲ ಕನ್ನಯ್ಯ ನಾಯ್ಡು ಅವರನ್ನು ಕರೆದರು. ಹರಿಯುವ ನೀರಲ್ಲೇ ತಡೆಹಲಗೆ ಅಂದರೆ ಸ್ಟಾಪ್‌ಲಾಗ್ ಇಳಿಸಿ ವಾರದೊಳಗೆ ನೀರು ನಿಲ್ಲಿಸಿದರು. ನೀರು ಹೋದರೆ ನಾಲ್ಕು ಜಿಲ್ಲೆಯ ಭತ್ತ ಹೋಗುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ಫುಟ್‌ಬಾಲ್ ಹೋದರೆ ಯಾರದೂ ಏನೂ ಹೋಗಲ್ಲ. ಅದಕ್ಕೇ ಈ ಆರಾಮ.

ಕೊನೆಗೆ 2025ರ ಆಗಸ್ಟ್ 1ರಂದು ಖಾಲಿದ್ ಜಮೀಲ್ ಅವರನ್ನು ಕೋಚ್ ಆಗಿ ನೇಮಿಸಿದರು. 2017ರಲ್ಲಿ ಮಿಜೋರಾಂನ ಐಜ್ವಾಲ್ ಎಫ್‌ಸಿಯಂಥ ಸಣ್ಣ ಕ್ಲಬ್‌ಗೆ ಐ–ಲೀಗ್ ಗೆದ್ದುಕೊಟ್ಟವರು. ಒಳ್ಳೆಯ ಆಯ್ಕೆ. ಇದರಲ್ಲಿ ಗೇಲಿ ಮಾಡುವಂಥದ್ದು ನನಗೇನೂ ಸಿಗಲಿಲ್ಲ.

ಆದರೆ ಆಗ ಅವರ ಆಟಗಾರರು ಆಡಬೇಕಿದ್ದುದೆಲ್ಲಿ? ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್ ಆ ಜುಲೈನಲ್ಲಿ ನಿಂತಿತ್ತು. ಲೀಗ್ ನಡೆಸುವ ಕಂಪನಿಗೂ ಫೆಡರೇಷನ್‌ಗೂ ಇದ್ದ ಒಪ್ಪಂದ ಡಿಸೆಂಬರ್‌ಗೆ ಮುಗಿಯುವುದಿತ್ತು, ಮುಂದಿನದು ಇನ್ನೂ ಆಗಿರಲಿಲ್ಲ. ನಮ್ಮ ತೋರಣಗಲ್ಲಿನ ಕ್ರೀಡಾ ಕೇಂದ್ರದಲ್ಲಿ ಬೆಂಗಳೂರು ಎಫ್‌ಸಿ ಆಟಗಾರರು ಸೀಸನ್‌ಗೆ ಮುಂಚೆ ಅಭ್ಯಾಸ ಮಾಡಿದ್ದುಂಟು, ಅದು ಜೆಎಸ್‌ಡಬ್ಲ್ಯು ಕ್ಲಬ್. ಅಷ್ಟು ದೊಡ್ಡ ಕ್ಲಬ್ಬೇ ಆ ಆಗಸ್ಟ್ ಮೊದಲ ವಾರ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಎಲ್ಲಿಯವರೆಗೆ ಅಂತಲೂ ಹೇಳಲಿಲ್ಲ. ಆಗ ಅಲ್ಲಿ ಸುನಿಲ್ ಛೆಟ್ರಿ ಇದ್ದರು. ನಿವೃತ್ತಿ ಹೇಳಿ ಹೋದವರನ್ನು ನಲವತ್ತನೇ ವಯಸ್ಸಿನಲ್ಲಿ ಮತ್ತೆ ದೇಶಕ್ಕಾಗಿ ಆಡಲು ಕರೆಸಿಕೊಂಡೆವು, ಗೋಲು ಹೊಡೆಯೋಕೆ ಬೇರೆ ಯಾರೂ ಸಿಗಲಿಲ್ಲ ಅಂತ. ಛೆಟ್ರಿಗೆ ಹೇಗೋ ನಡೆಯುತ್ತೆ. ಕಿಟ್ ತೊಳೆಯುವವನಿಗೆ? ಬಾಡಿಗೆ ಮನೆಯಲ್ಲಿರುವ ಇಪ್ಪತ್ತು ವರ್ಷದ ಡಿಫೆಂಡರ್‌ಗೆ?

ಅರ್ಜಿಯನ್ನೇ ಹಾಕದ ಕ್ಸಾವಿಗೆ ಎಷ್ಟು ಸಂಬಳ ಕೊಡಬೇಕಾಗುತ್ತೆ ಅಂತ ಕೂತು ಲೆಕ್ಕ ಹಾಕಿದ ಮಹನೀಯರೇ, ಇವರ ಲೆಕ್ಕ ಯಾವಾಗ ಹಾಕುತ್ತೀರಿ?