ಷಡ್ಡಕ ಕಂಡ ಸಮುದ್ರ

"ಅಣ್ಣ, ನನ್ನ ಸೂಟ್ ಅಲ್ಲೇ ಉಳದದ. ಸಿಹಿನೀರಾಗ ಎರಡು ಸಲ ಛಂದಂಗ ಜಾಲಾಡಿಸಿ ನೆರಳಾಗ ಒಣಗಿಸ್ರಿ. ಮಡಚಬ್ಯಾಡ್ರಿ."

ಷಡ್ಡಕನ ಈ ಮೆಸೇಜು ಬಂದಾಗ ನಾನು ಓಣಿಯ ತಿರುವಿನಲ್ಲಿ ನೀರಿನ ಟ್ಯಾಂಕರ್ ಕಾಯುತ್ತ ನಿಂತಿದ್ದೆ. ನಳಕ್ಕೆ ನೀರು ಯಾವಾಗ ಎಂದು ಕೇಳಿದರೆ ನೀರು ಬಿಡುವವನೇ ಆಕಾಶ ನೋಡುವ ಕಾಲ ಇದು. ಇಂಥದ್ದರಲ್ಲಿ ಒಂದು ಅಂಗಿ, ಅದೂ ಬೇರೆಯವರದು, ಅದನ್ನು ಎರಡು ಸಲ ಜಾಲಾಡಿಸಬೇಕು, ಅದೂ ಸಿಹಿನೀರಿನಲ್ಲಿ! ನಮ್ಮ ಅಂಗಿಗಳನ್ನೇ ಕೊಡವಿ ಮತ್ತೆ ತೊಡುತ್ತಿದ್ದೇವೆ ಸ್ವಾಮಿ.

ಸೂಟ್ ಅಂದರೆ ಮದುವೆಯದಲ್ಲ. ಸಮುದ್ರಕ್ಕೆ ಧುಮುಕುವವರು ತೊಡುವ, ಕುತ್ತಿಗೆಯಿಂದ ಹಿಮ್ಮಡಿಯ ತನಕ ಒಂದೇ ಆಗಿರುವ ಕರೀ ರಬ್ಬರಿನ ವೆಟ್‌ಸೂಟ್. ಸದ್ಯ ನಮ್ಮ ಮನೆಯ ಬಚ್ಚಲಿನ ಬಾಗಿಲಿಗೆ ತೂಗುಬಿದ್ದಿದೆ. ರಾತ್ರಿ ನೀರು ಕುಡಿಯಲು ಎದ್ದವರು ಒಬ್ಬೊಬ್ಬರಾಗಿ ಕಿರುಚಿ ಆಗಿದೆ.

ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಹುಟ್ಟಿದ್ದು ಹುಮನಾಬಾದ, ಓದಿದ್ದು ಬೀದರ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರು. ಈಜು ಕಲಿತದ್ದು ತಲೆಕೂದಲು ತೆಳುವಾದ ಮೇಲೆ, ಅಪಾರ್ಟ್‌ಮೆಂಟಿನ ಕೊಳದಲ್ಲಿ. ಕಳೆದ ವರ್ಷ ಜೂನ್‌ನಲ್ಲಿ ಆಫೀಸಿನ ಗೆಳೆಯರನ್ನು ಕಟ್ಟಿಕೊಂಡು ದಕ್ಷಿಣ ಆಫ್ರಿಕಾಕ್ಕೆ ಹೋಗಿ, ಗೈಡುಗಳ ಜೊತೆ ನೀರಿಗಿಳಿದು, ಸಾರ್ಡೀನ್ ಮೀನುಗಳ ವಲಸೆ ನೋಡಿ ಬಂದ. ನೋಡಿ ಬರಲಿ. ದುಡ್ಡು ಅವನದು, ಕಿವಿನೋವೂ ಅವನದು. ಆದರೆ ನೋಡಿ ಬಂದವನು ಸುಮ್ಮನಿರಬೇಕೋ ಬೇಡವೋ?

ಈ ಸಲ ಸಂಬಂಧಿಕರ ಮದುವೆಗೆ ಅಂತ ಕಲಬುರಗಿಗೆ ಬಂದವನು ಮದುವೆಮನೆಯಲ್ಲಿ ಕಾಲಿಟ್ಟಿದ್ದು ಅಕ್ಷತೆಯ ಹೊತ್ತಿಗೆ ಮಾತ್ರ. ಉಳಿದ ಹೊತ್ತೆಲ್ಲ ನಮ್ಮ ಮನೆಯ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ಮೀನು ತೋರಿಸಿದ. ನಮ್ಮದು ಮೀನಿನ ವಾಸನೆ ಕಂಡರೆ ಮೂಗಿಗೆ ಸೆರಗು ಹಿಡಿಯುವ ಮನೆತನ. ಅತ್ತೆಯವರು ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಕೇಳಿದರು: "ತಿನ್ನಂಗಿಲ್ಲ, ಹಿಡಿಯಂಗಿಲ್ಲ. ಮತ್ತ್ಯಾಕ ಹೋಗಿದ್ದೆಪ್ಪಾ ಅಷ್ಟ್ ದೂರ?"

ನನಗೆ ಹೊಟ್ಟೆ ಉರಿದಿದ್ದು ಬೇರೆ ಕಾರಣಕ್ಕೆ. ಅವನು ಹೇಳುತ್ತಿದ್ದ ವಿಷಯ ಸಣ್ಣದಲ್ಲ. ಸಪ್ಪೆಯಾಗಿದ್ದರೆ ಆಕಳಿಸಿ ಎದ್ದುಹೋಗಬಹುದಿತ್ತು. ಆಫ್ರಿಕಾದ ತುತ್ತತುದಿಯ ತಣ್ಣನೆ ಸಮುದ್ರದಲ್ಲಿರುವ ಈ ಸಾರ್ಡೀನುಗಳು, ನಮ್ಮ ಮಂಗಳೂರಿನವರ ಬೂತಾಯಿಯ ದೂರದ ಬಳಗ. ಮೇ ತಿಂಗಳಿಂದ ಜುಲೈ ತನಕ ಅಲ್ಲಿ ಚಳಿಗಾಲ. ಆಗ ಪೂರ್ವ ಕರಾವಳಿಯ ಗುಂಟ ತಣ್ಣೀರಿನ ಪಟ್ಟಿಯೊಂದು ಮೇಲಕ್ಕೆ ಚಾಚಿಕೊಳ್ಳುತ್ತದೆ, ಮೀನುಗಳು ಅದನ್ನೇ ಹಿಡಿದು ಕ್ವಾಜುಲು-ನಟಾಲ್ ಕಡೆಗೆ ಹೊರಡುತ್ತವೆ. ದೊಡ್ಡ ಹಿಂಡು ಅಂದರೆ 7 ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರ್ ಅಗಲ, 30 ಮೀಟರ್ ಆಳ. ಹಿಂದೆಯೇ ಡಾಲ್ಫಿನ್, ಶಾರ್ಕ್, ಬ್ರೈಡ್ ತಿಮಿಂಗಿಲ, ಮೇಲಿನಿಂದ ಗ್ಯಾನೆಟ್ ಹಕ್ಕಿಗಳು. ಡಾಲ್ಫಿನ್‌ಗಳು ಹಿಂಡಿನ ಒಂದು ತುಂಡನ್ನು ಬೇರ್ಪಡಿಸಿ, ಸುತ್ತುಗಟ್ಟಿ, ಮೇಲಕ್ಕೆ ಒತ್ತಿಕೊಂಡು ಬರುತ್ತವೆ. ಬೆದರಿದ ಮೀನುಗಳು ಒಂದರೊಳಗೊಂದು ನುಗ್ಗಿ ಬೆಳ್ಳಿಯ ಉಂಡೆಯಾಗಿಬಿಡುತ್ತವೆ. ಆ ಉಂಡೆ ಹತ್ತು ನಿಮಿಷ ಉಳಿದರೆ ಹೆಚ್ಚು. ಷಡ್ಡಕ ಅದನ್ನು ಹೇಳಿ ಮುಗಿಸಲು ತೆಗೆದುಕೊಂಡದ್ದು ಒಂದು ಇಡೀ ಸಂಜೆ.

ಯಾಕೆಂದರೆ ಅವನಿಗೆ ವಿಡಿಯೋ ನಿಲ್ಲಿಸುವ ಚಟ. ಗ್ಯಾನೆಟ್ ಹಕ್ಕಿ ರೆಕ್ಕೆ ಹಿಂದಕ್ಕೆ ಮಡಚಿ ನೆಟ್ಟಗೆ ಬೀಳುತ್ತಿದೆ, ಇನ್ನೇನು ನೀರಿಗೆ ಮೂಗು ತಾಗಬೇಕು. ಟಕ್! ನಿಲ್ಲಿಸಿದ. "ಈಗ ನೋಡ್ರಿ, ಈ ಮೂಲ್ಯಾಗ ಕಾಣ್ತದಲ್ಲ ಕಾಲು, ಅದು ನಂದು." ನಾವೆಲ್ಲ ಕಾಲು ನೋಡಿದೆವು. ಕಾಲಿಗೆ ಹಳದಿ ರೆಕ್ಕೆಬೂಟು. ಮತ್ತೆ ಶುರು. ತಳದ ಕತ್ತಲಿನಿಂದ ಶಾರ್ಕೊಂದು ಬಾಯಿ ತೆರೆದು ಮೇಲೇಳುತ್ತಿದೆ. ಟಕ್! "ಈ ಗುಳ್ಳಿ ಅವಲ್ಲ, ಇವು ನಂವು." ನನ್ನ ಮಗ ಸೋಫಾದ ದಿಂಬು ಕಚ್ಚಿಕೊಂಡು ಕೂತಿದ್ದ. ಶಾರ್ಕಿನ ಬಾಯಿಗೆ ಮೀನು ಸಿಕ್ಕಿತೋ ಇಲ್ಲವೋ ನಮ್ಮ ಮನೆಯಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ, ಅಷ್ಟರಲ್ಲಿ ಕರೆಂಟ್ ಹೋಯಿತು.

ಪೋರ್ಟ್ ಸೇಂಟ್ ಜಾನ್ಸ್ ಎಂಬ ಊರಿನಿಂದ, ನದಿ ಸಮುದ್ರ ಸೇರುವ ಜಾಗದಲ್ಲಿ ಅಲೆಗಳನ್ನು ಹಾರಿಸಿಕೊಂಡು ರಬ್ಬರ್ ದೋಣಿ ಹೋಗುತ್ತದಂತೆ. ಮೀನು ಎಲ್ಲಿದೆ ಎಂದು ನೋಡಿ ಹೇಳಲು ಮೇಲೊಂದು ಪುಟ್ಟ ವಿಮಾನ. ಅದು ಹೇಳಿದ ಕಡೆ ದೋಣಿ ಓಡಿಸಬೇಕು, ಗೈಡ್ "ಹೂಂ" ಅಂದಕೂಡಲೇ ಮುಖವಾಡ, ಉಸಿರುಕೊಳವೆ ಸಿಕ್ಕಿಸಿಕೊಂಡು ಹಿಂದುಮುಂದು ನೋಡದೆ ನೀರಿಗೆ ಬೀಳಬೇಕು. ಹೆಚ್ಚಿನ ಸಲ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಳ್ಳುವಷ್ಟು ಪುರಸೊತ್ತೂ ಇರುವುದಿಲ್ಲ. ಕೆಲವು ದಿನ ಸಂಜೆಯವರೆಗೂ ಸುತ್ತಿ, ವಾಂತಿ ಮಾಡಿಕೊಂಡು, ಬರಿಗೈಯಲ್ಲಿ ವಾಪಸು. ಕೆಲವು ವರ್ಷ ಹಿಂಡು ಕಾಣಿಸಿಕೊಳ್ಳುವುದೇ ಅಪರೂಪ. ಇದನ್ನೆಲ್ಲ ಅವನು ಮಹಾಸಾಹಸ ಅನ್ನುವ ಧಾಟಿಯಲ್ಲಿ ಹೇಳುವಾಗ ನನ್ನ ಹೆಂಡತಿ ನನ್ನ ಮುಖ ನೋಡಿದಳು. ಯಾವಾಗ ಬರುತ್ತದೋ ಗೊತ್ತಿಲ್ಲದ್ದಕ್ಕೆ ಕಿವಿ ನೆಟ್ಟು ಕೂರುವುದು, ಬಂತು ಅಂದಕೂಡಲೇ ಇದ್ದ ಬಟ್ಟೆಯಲ್ಲೇ ಓಡುವುದು, ಕೆಲವು ಸಲ ಬರಿ ಕೊಡ ಹಿಡಿದು ತಿರುಗಿ ಬರುವುದು, ಇದು ನಮ್ಮ ಓಣಿಯ ಹೆಂಗಸರೆಲ್ಲ ಮಾಡುವ ಕೆಲಸ. ವಿಮಾನದ ಬದಲು ಮೂಲೆಮನೆಯ ಅಜ್ಜಿ ಮಾಳಿಗೆ ಮೇಲಿಂದ "ನೀರ್ ಬಂದಾವ್ರೇ!" ಅಂತ ಕೂಗುತ್ತಾಳೆ.

ಇನ್ನು ಅವನ ಕೈಸನ್ನೆ. ನೀರಿನಡಿಯಲ್ಲಿ ಮಾತಾಡಲಾಗದು, ಸನ್ನೆಯೇ ಗತಿ ಸರಿ. ಆದರೆ ಊಟದ ಹೊತ್ತಿಗೂ ಬೇಕೆ? ಪುಂಡಿಪಲ್ಯ ಹೇಗಿದೆ ಎಂದು ಅತ್ತೆಯವರು ಕೇಳಿದರೆ ಹೆಬ್ಬೆರಳು ತೋರುಬೆರಳು ಕೂಡಿಸಿ ಸೊನ್ನೆ ತೋರಿಸಿದ. ಚೆನ್ನಾಗಿದೆ ಎಂದರ್ಥವಂತೆ. ಅತ್ತೆಯವರು ಒಳಗೆ ಹೋಗಿ ಒಂದು ವಡೆ ತಂದು ಹಾಕಿದರು. ಮಾವನವರು ಮೆಚ್ಚಿ ಹೆಬ್ಬೆರಳು ಎತ್ತಿದರೆ, "ಹಂಗ ತೋರಿಸಬ್ಯಾಡ್ರಿ ಮಾಮಾ, ಅದರ ಅರ್ಥ ಮ್ಯಾಲೆ ಹೋಗೋಣು ಅಂತ" ಅಂದ. ಬೈಪಾಸ್ ಆಗಿರುವ ಮಾವನವರು ಸರಕ್ಕನೆ ಬೆರಳು ಇಳಿಸಿ ಮಜ್ಜಿಗೆ ಕುಡಿದರು.

ಸೂಟಿನ ಪ್ರಕರಣ ನಡೆದದ್ದು ಮದುವೆಯ ಮಾರನೇ ದಿನ. ಮಟಮಟ ಮಧ್ಯಾಹ್ನ, ಹೊರಗೆ 43 ಡಿಗ್ರಿ. "ಕಾಕಾ, ಅಂಥ ಥಂಡಿ ನೀರಾಗ ಹೆಂಗ ಇಳದ್ರಿ?" ಎಂದು ಮಗ ಕೇಳಿದ್ದೇ ತಡ, "ತಡಿ, ತೋರಸ್ತೀನಿ" ಅಂತ ಷಡ್ಡಕ ಎದ್ದ. ಮದುವೆಗೆ ಬರುವವನು ಇದನ್ನು ಬ್ಯಾಗಿನಲ್ಲಿ ತುಂಬಿಕೊಂಡು ಬಂದಿದ್ದ ಅನ್ನುವುದನ್ನು ಗಮನಿಸಿ.

5 ಮಿಲಿಮೀಟರ್ ದಪ್ಪದ ರಬ್ಬರ್. ಕಾಲು ತೂರಿಸಲು ಒಂದು ಡಬ್ಬಿ ಪೌಡರ್ ಖರ್ಚಾಯಿತು. ಮೊಣಕಾಲ ತನಕ ಬಂದಮೇಲೆ ಒಂದು ವಿಶ್ರಾಂತಿ, ಸೊಂಟದ ಹತ್ತಿರ ಇನ್ನೊಂದು. ಕಳೆದ ಜೂನ್‌ನಿಂದ ಈಚೆಗೆ ಅವನ ಹೊಟ್ಟೆ ಸಾಕಷ್ಟು ಮುಂದುವರಿದಿತ್ತು, ಸೂಟು ಅಲ್ಲಿಯೇ ಇತ್ತು. ಬೆನ್ನ ಮೇಲಿನ ಜಿಪ್ಪಿಗೆ ಉದ್ದನೆಯ ಪಟ್ಟಿ ಇರುತ್ತದೆ. ಅದನ್ನು ಎಳೆಯುವ ಕೆಲಸ ನನಗೆ ಬಿತ್ತು. ಅವನ ಬೆನ್ನಿಗೆ ಮೊಣಕಾಲು ಕೊಟ್ಟು ಎಳೆದೆ. ಎಷ್ಟೋ ಮಾತು ಮನಸ್ಸಿನಲ್ಲಿತ್ತಾದ್ದರಿಂದ ಜಿಪ್ಪು ಚೆನ್ನಾಗಿಯೇ ಏರಿತು.

ಕರಿಯ ಮೂರ್ತಿಯೊಂದು ನಡುಮನೆಯಲ್ಲಿ ನಿಂತು ಭಾಷಣ ಆರಂಭಿಸಿತು. "ಈ ರಬ್ಬರಿನ್ಯಾಗ ಸಣ್ಣಸಣ್ಣ ಗಾಳಿಗುಳ್ಳಿ ಇರ್ತಾವ. ಮತ್ತ ಸೂಟಿನೊಳಗ ಒಂದೀಟು ನೀರು ಹೊಗತದ. ಆ ನೀರು ನಮ್ಮ ಮೈಕಾವಿಗೆ ಬೆಚ್ಚಗಾಗಿ ಅಲ್ಲೇ ನಿಂದರತದ. ಹಂಗಾಗಿ ಹೊರಗ ಎಷ್ಟೇ ಥಂಡಿ ಇರಲಿ..." ಕರೆಂಟ್ ಹೋಯಿತು. ಕೂಲರ್ ಕೊನೆಯ ಸುತ್ತು ತಿರುಗಿ ನಿಂತಿತು. ಸೂಟಿನೊಳಗೆ ಹೊಗಬೇಕಾದ ನೀರನ್ನು ಕಲಬುರಗಿಯಲ್ಲಿ ಅವನ ಮೈಯೇ ಒದಗಿಸತೊಡಗಿತು.

ಮೊದಲು ಕಿವಿ ಕೆಂಪಾಯಿತು, ಆಮೇಲೆ ಮುಖ. ಭಾಷಣ ನಿಂತಿತು. ಅಂಗೈ ಚಪ್ಪಟೆ ಹಿಡಿದು ಆಚೀಚೆ ಅಲುಗಾಡಿಸಿದ. ಅದು "ಏನೋ ತೊಂದರೆಯಾಗಿದೆ" ಅನ್ನುವ ಸನ್ನೆ ಎಂದು ನಮಗೆ ಆಮೇಲೆ ಗೊತ್ತಾಯಿತು. ಅತ್ತೆಯವರು "ಶೀಕರಣಿ ಸಾಕಂತ, ಒಳಗಿಡು" ಅಂತ ಮಗಳಿಗೆ ಹೇಳಿದರು. ಕೊನೆಗೆ ಬಾಯಿಬಿಟ್ಟೇ ಕೂಗಿದ: "ಜಿಪ್ಪು!"

ಜಿಪ್ಪಿನ ಬಾಯಿಗೆ ಬನಿಯನ್ ಸಿಕ್ಕಿತ್ತು. ನಾನು ಎಳೆದೆ, ಮಗ ಎಳೆದ, ನಾದಿನಿ ಕೊಬ್ಬರಿ ಎಣ್ಣೆ ಹಾಕಲು ಬಂದಾಗ "ರಬ್ಬರ್ ಹಾಳಾಗ್ತದ!" ಅಂತ ಆ ಸ್ಥಿತಿಯಲ್ಲೂ ಚೀರಿದ. ನಿಲ್ಲಲಾಗದೆ ನೆಲದ ಮೇಲೆ ಬೋರಲು ಬಿದ್ದುಕೊಂಡ. ನಮ್ಮ ಮನೆಯದು ಶಹಾಬಾದ್ ಫರಸಿ ನೆಲ, ಬೇಸಿಗೆಯಲ್ಲೂ ತಂಪು. ಈ ಕಲ್ಲಿನ ವಿಷಯ ಗೊತ್ತಿದೆಯಲ್ಲ? ಕೋಟಿ ಕೋಟಿ ವರ್ಷಗಳ ಹಿಂದೆ ಈ ಭೀಮಾ ಸೀಮೆಯ ಮೇಲೆ ಸಮುದ್ರವಿತ್ತು, ಅದರ ತಳದಲ್ಲಿ ಪದರಪದರವಾಗಿ ಕೂತ ಸುಣ್ಣದ ಕೆಸರೇ ಗಟ್ಟಿಯಾಗಿ ನಮ್ಮ ಶಹಾಬಾದ್, ಸೇಡಂ, ಚಿತ್ತಾಪುರದ ಕಲ್ಲಾಗಿದೆ. ಈಗ ಯಾವ ಕಡೆ ಹೊರಟರೂ ನಾನೂರು ಕಿಲೋಮೀಟರ್ ಹತ್ತಿರ ಬಸ್ಸಿನಲ್ಲಿ ಕೂರದೆ ಸಮುದ್ರ ಸಿಗದು. ಅಂತೂ ಷಡ್ಡಕ ಸೂಟು ತೊಟ್ಟು ಸಮುದ್ರದ ತಳದಲ್ಲೇ ಮಲಗಿದ್ದ, ಬರುವುದು ಸ್ವಲ್ಪ ತಡವಾಗಿತ್ತು. ಇದನ್ನು ಅವನಿಗೆ ಹೇಳಿದೆ. ಕೇಳುವ ಸ್ಥಿತಿಯಲ್ಲಿರಲಿಲ್ಲ.

"ಕುತ್ತಿಗ್ಯಾಗಿಂದ ಒಳಗ ನೀರು ಸುರೀರಿ. ನೀರು ಹೋದ್ರ ಸರಕ್ಕನೆ ಬರ್ತದ" ಅಂದ.

ನನ್ನ ಹೆಂಡತಿ ಅಡುಗೆಮನೆ ಬಾಗಿಲಿನಲ್ಲಿ ನಿಂತು ಕೇಳಿದಳು: "ಯಾವ ನೀರು? ಕುಡಿಯೋದಾ, ಬಳಸೋದಾ?"

ಒಂದು ಜೀವ ನೆಲದ ಮೇಲೆ ಬೇಯುತ್ತಿರುವಾಗ ಹೀಗೆ ಕೇಳುವವಳು ಕಟುಕಿ ಎಂದು ಬೆಂಗಳೂರಿನವರು ತಿಳಿಯಬಹುದು. ಇಲ್ಲಿಯವರು ತಿಳಿಯುವುದಿಲ್ಲ. ಕುಡಿಯುವ ನೀರಿನ ಕ್ಯಾನು ಅರ್ಧ ಇತ್ತು. ಬಳಸುವ ನೀರಿನಲ್ಲಿ ಮದುವೆಗೆ ಬಂದ ಅಷ್ಟೂ ಜನರ ಸಂಜೆಯ ಸ್ನಾನ ಆಗಬೇಕಿತ್ತು. ತುರ್ತು ಸಮಾಲೋಚನೆ ನಡೆದು, ಕೂಲರ್ ಟಾಕಿಯ ನೀರು ಎಂದು ತೀರ್ಮಾನವಾಯಿತು. ಎಷ್ಟು ದಿನದ್ದೋ ಏನೋ, ಅದರಲ್ಲಿ ಕಟ್ಟಿಗೆ ಹುಲ್ಲಿನ ಚೂರು, ತಳದಲ್ಲಿ ಹಸಿರು ಪಾಚಿ. ಮಗ ಚೊಂಬಿನಿಂದ ತುಂಬಿ ತುಂಬಿ ಚಿಕ್ಕಪ್ಪನ ಕುತ್ತಿಗೆಗೆ ಸುರಿದ. ಬನಿಯನ್ನಿಗೆ ಕತ್ತರಿ ಹಾಕಿದೆವು. ಮಾವನವರು ಒಂದು ಕಾಲು, ನಾನೊಂದು ಕಾಲು ಹಿಡಿದೆವು, ನಾದಿನಿ ತಲೆ ಕಡೆ ಹಿಡಿದಳು. ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯಾಕೆ ಹೆಪ್ಪಿಗೆ ಮೊಸರು ಕೇಳಲು ಬಂದು ಬಾಗಿಲಲ್ಲಿ ನಿಂತಳು. ಕಾಲು ಹಿಡಿದ ಮಾವನವರು "ಬರ್ರಿ, ಕೂಡ್ರಿ" ಅಂದರು. ಪಚಕ್ಕನೆ ಷಡ್ಡಕ ಹೊರಬಂದ, ಮೈಯೆಲ್ಲ ಕೆಂಪು, ಬೆನ್ನ ಮೇಲೆ ಪಾಚಿ. ಆಕೆ ಮೊಸರು ಒಯ್ಯುವುದನ್ನು ಮರೆತು ಹೋದಳು. ಸಂಜೆಯೊಳಗೆ ಓಣಿಗೆಲ್ಲ ನಮ್ಮ ಮನೆಯಲ್ಲಿ ಯಾರಿಗೋ ಹಾವು ಕಚ್ಚಿದೆ ಎಂದು ಸುದ್ದಿಯಾಗಿತ್ತು.

ಹೊರಡುವ ದಿನ ಅವನನ್ನು ಬಿಡಲು ಸ್ಟೇಷನ್ನಿಗೆ ಹೋದೆ. ಮುಂಬಯಿಯಿಂದ ಬಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಗಳಿಂದ ಜನ ಇಳಿಯುತ್ತಲೇ ಇದ್ದರು. ಮಿರಗದ ಮಳೆ ಹತ್ತಿರ ಬಂತಲ್ಲ, ಗುಳೆ ಹೋದವರು ಬಿತ್ತನೆಗೆ ತಿರುಗಿ ಬರುವ ಹೊತ್ತು. ಪ್ಲಾಸ್ಟಿಕ್ ಚೀಲ, ಸ್ಟವ್, ಸುತ್ತಿದ ಚಾಪೆ, ಹೆಗಲ ಮೇಲೆ ನಿದ್ದೆಗಣ್ಣಿನ ಮಕ್ಕಳು. ಒಬ್ಬಳು ಒಂದು ಕೈಯಲ್ಲಿ ಟೇಬಲ್ ಫ್ಯಾನ್ ಹಿಡಿದು ಇನ್ನೊಂದು ಕೈಯಲ್ಲಿ ಮಕ್ಕಳ ತಲೆ ಎಣಿಸುತ್ತಿದ್ದಳು. ಷಡ್ಡಕ ತನ್ನ ಬೋಗಿಗೆ ಹತ್ತದೆ ನೋಡುತ್ತ ನಿಂತ. ಸಾರ್ಡೀನುಗಳ ಬಗ್ಗೆ 2021ರಲ್ಲಿ ವಿಜ್ಞಾನಿಗಳು ಬರೆದದ್ದನ್ನು ಹಿಂದಿನ ರಾತ್ರಿಯಷ್ಟೇ ಹೇಳಿದ್ದ. ಆ ಮೀನುಗಳಿಗೆ ಈ ಪಯಣದಿಂದ ಲಾಭವೇ ಇಲ್ಲವಂತೆ. ತಣ್ಣೀರು ನಂಬಿ ಹೋಗುತ್ತವೆ, ಅದು ಮುಗಿದಾಗ ಬಿಸಿನೀರಿಗೂ ದಂಡೆಗೂ ನಡುವೆ ಸಿಕ್ಕಿಬೀಳುತ್ತವೆ. "ಅಣ್ಣ, ನಾ ಸಣ್ಣಾಂವ ಇದ್ದಾಗೂ ಹುಮನಾಬಾದದಾಗ ಹಿಂಗ ಬಸ್ಸಿನಿಂದ ಇಳೀತಿದ್ರು" ಅಂದ. ಯಾವ ಸನ್ನೆಯನ್ನೂ ಮಾಡಲಿಲ್ಲ. ಗಾಡಿ ಸೀಟಿ ಹಾಕಿದಾಗ ಓಡಿ ಹತ್ತಿದ.

ಅಷ್ಟಕ್ಕೇ ಇದ್ದಿದ್ದರೆ ನಾನೂ ಅವನನ್ನು ಕ್ಷಮಿಸುತ್ತಿದ್ದೆ. ಬೆಂಗಳೂರು ಮುಟ್ಟುತ್ತಲೇ ಮನೆಯವರದೆಲ್ಲ ಒಂದು ಗ್ರೂಪ್ ಮಾಡಿದ್ದಾನೆ. ಮಳೆಗಾಲ ಮುಗಿದಮೇಲೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಎಲ್ಲರೂ ಧುಮುಕುವುದಂತೆ. ಈಜು ಬಾರದವರನ್ನೂ ಕೈಹಿಡಿದು ಒಳಗೆ ಕರೆದೊಯ್ಯುತ್ತಾರಂತೆ, ಹಾಗಾಗಿ ನನಗೆ ನೆಪವಿಲ್ಲ. ಮಗ ಆಗಲೇ ಬಕೆಟ್ಟಿನಲ್ಲಿ ಮುಖ ಅದ್ದಿ ಅಭ್ಯಾಸಕ್ಕೆ ಕೂತು ಅಮ್ಮನ ಕೈಯಲ್ಲಿ ಏಟು ತಿಂದಿದ್ದಾನೆ, ಬಳಸುವ ನೀರಿನ ಬಕೆಟ್ಟು ಅದು. ಅತ್ತೆಯವರು ದಂಡೆಯ ಮೇಲೆ ಕೂತು ಚಪ್ಪಲಿ ಕಾಯುತ್ತಾರಂತೆ.

ನಿನ್ನೆ ಎಲ್ಲರ ಸೊಂಟದ ಅಳತೆ ಕೇಳಿದ್ದ. ನಾನು ಮಲಗಿದ್ದಾಗ ಹೆಂಡತಿ ನನ್ನದನ್ನು ಕಳಿಸಿದ್ದಾಳೆ, ನನ್ನ ಲೆಕ್ಕಕ್ಕಿಂತ ಎರಡು ಇಂಚು ಹೆಚ್ಚು. ದರ್ಜಿಯ ಟೇಪು ತಂದು ಅಳೆಯೋಣ ಎಂದು ನಾನು, ಊಟವಾದ ಮೇಲೆ ಅಳೆಯೋಣ ಎಂದು ಅವಳು. ಟ್ಯಾಂಕರ್ ಹಾರ್ನ್ ಕೇಳಿಸಿದ್ದರಿಂದ ಸದ್ಯಕ್ಕೆ ನಿಂತಿದೆ.