ಹಾಲುವಾಣದ ಹಲಗೆ

ಸಕಲೇಶಪುರ ದಾಟಿ ದೋಣಿಗಾಲಿನ ಹತ್ತಿರ ಶನಿವಾರ ಹೊತ್ತು ಮೂಡುವ ಮೊದಲೇ ನಿಂತರೆ, ಒಂದಲ್ಲ ಒಂದು ಕಾರು ನೆತ್ತಿಯ ಮೇಲೆ ಉದ್ದನೆಯ ಹಲಗೆ ಹೊತ್ತು ಘಟ್ಟ ಇಳಿಯುವುದು ಕಂಡೀತು. ಅಕ್ಕಿರೊಟ್ಟಿಗೆ ನಿಲ್ಲಿಸಿದರಂತೂ ವಿಚಾರಣೆ ತಪ್ಪಿದ್ದಲ್ಲ.

"ಏನಣ್ಣ ಅದು ಕಾರಿನ ಮೇಲೆ, ಬಾಗ್ಲಾ?"

"ಅಲ್ಲ ಅಣ್ಣ, ಹಲಗೆ. ಸಮುದ್ರದಲ್ಲಿ ಆಡೋದು."

"ನಾನು ಇಸ್ತ್ರಿ ಮಾಡೋದು ಅಂದ್ಕೊಂಡೆ."

ಆಕಾರ ನೋಡಿದರೆ ಇಸ್ತ್ರಿ ಹಲಗೆಯೇ ಸರಿ. ಮುಂದೆ ಚೂಪು, ಹಿಂದೆ ಅಗಲ. ಹಾಸನದವರಿಗೆ ಸರ್ಫಿಂಗ್, ಅಂದರೆ ಹಲಗೆಯ ಮೇಲೆ ನಿಂತು ಅಲೆ ಸವಾರಿ, ಯಾಕಪ್ಪಾ, ಹೇಮಾವತಿಯಲ್ಲಿ ಅಲೆ ಏಳುತ್ತದೆಯೇ ಎಂದು ನಗುವವರಿಗೆ ಒಂದು ಮಾತು ಹೇಳಬಹುದು. ಪ್ಯಾರಿಸ್ಸಿಗೂ ಸಮುದ್ರವಿಲ್ಲ. 2024ರ ಒಲಿಂಪಿಕ್ಸ್ ನಡೆಸಿದ ಆ ಊರು ಸರ್ಫಿಂಗ್ ಸ್ಪರ್ಧೆಯನ್ನು ಟಹೀಟಿ ದ್ವೀಪದ ಟಿಯಾಹುಪೊದಲ್ಲಿ, 15,000 ಕಿಲೋಮೀಟರಿಗೂ ದೂರದಲ್ಲಿ ಇಟ್ಟುಕೊಂಡಿತ್ತು. ಹಾಸನದಿಂದ ಮಂಗಳೂರಿಗೆ ನೂರೆಪ್ಪತ್ತು ಚಿಲ್ಲರೆ. ಅಲ್ಲಿಂದ ಮೂವತ್ತು ಕಿಲೋಮೀಟರ್ ಬಡಗಣ ಮೂಲ್ಕಿಯಲ್ಲಿ, ಅಮೆರಿಕದಿಂದ ಬಂದು ಸನ್ಯಾಸಿಯಾದ 'ಸರ್ಫಿಂಗ್ ಸ್ವಾಮಿ' 2004ರ ಹೊತ್ತಿಗೆ ಆಶ್ರಮದ ಹುಡುಗರನ್ನು ಕಟ್ಟಿಕೊಂಡು ಶುರುಮಾಡಿದ ಮಂತ್ರ ಸರ್ಫ್ ಕ್ಲಬ್ಬಿದೆ. ಜಪ, ಆಮೇಲೆ ಅಲೆ. ಕಾವಿಗೂ ಉಪ್ಪುನೀರಿಗೂ ಜಗಳ ಬಿದ್ದಂತಿಲ್ಲ.

ನಮ್ಮ ಕಡೆಯವರಿಗೆ ಈ ಆಟ ಪರದೇಶದ್ದು ಅನ್ನಿಸುವುದು ಅದರ ಬಣ್ಣದ ಫೋಮು, ಫೈಬರ್ ನೋಡಿ. ಹಿಂದಿನ ಮರದ ಹಲಗೆ ನೋಡಿದರೆ ಮುಖಪರಿಚಯ ಹತ್ತುತ್ತದೆ. ಹವಾಯಿಯ ಮುಖಂಡರು ಏರುತ್ತಿದ್ದ 'ಒಲೊ' ಎಂಬ ನೀಳ ಹಲಗೆಗೆ ಬೇಕಾದದ್ದು ವಿಲಿವಿಲಿ ಎಂಬ ಮರ. ಅದು ಎರಿತ್ರೈನಾ ಕುಲದ್ದು. ನಮ್ಮ ತೋಟಗಳ ಹಾಲುವಾಣವೂ ಅದೇ ಕುಲದ ಕುಡಿ. ಮಳೆ ಹಿಡಿಯುವ ಹೊತ್ತಿಗೆ ಗೂಟ ಕಡಿದು ನೆಟ್ಟರೆ ಚಿಗುರಿಬಿಡುವ, ಮೆಣಸಿನ ಬಳ್ಳಿಗೆ ಮೈಕೊಡುವ, ಮರಗಸಿಯ ದಿನ ಎಲ್ಲರಿಗಿಂತ ಮೊದಲು ಕೈಕಾಲು ಕಳೆದುಕೊಳ್ಳುವ ಆ ಮುಳ್ಳುಮೈಯ ಬಡಪಾಯಿಯೇ. ಒಲೆಗೆ ಹಾಕಿದರೆ ಹೊಗೆ, ತೊಲೆಗೆ ಹಾಕಿದರೆ ಹುಳ. ತೋಟದಲ್ಲಿ ಯಾರೂ ಮೂಸದ ಆ ಹಗುರ ಮೈಗೆ ನೀರಿನ ಮೇಲೆ ಮಾತ್ರ ರಾಜಯೋಗ. ನೆಂಟಸ್ತಿಕೆ ಎಷ್ಟು ಗಟ್ಟಿಯೆಂದರೆ ರೋಗವೂ ಒಂದೇ. 2005ರಲ್ಲಿ ಹವಾಯಿಯ ವಿಲಿವಿಲಿಯ ಎಲೆಗಳಲ್ಲಿ ಗಂಟು ಎಬ್ಬಿಸಿ ಮರಗಳನ್ನೇ ಒಣಗಿಸಿದ ಸಾಸಿವೆಯಂಥ ಕಣಜದ ಹುಳ, ಅದೇ ಆಸುಪಾಸಿನಲ್ಲಿ ದಕ್ಷಿಣ ಭಾರತದ ಹಾಲುವಾಣಕ್ಕೂ ಅಮರಿಕೊಂಡಿತು.

ಹಾಗೆಂದು ನಾಳೆಯೇ ಮರ ಕಡಿಸಲು ಆಳು ಕರೆಯಬೇಡಿ. ವರ್ಷವರ್ಷ ಕೊಂಬೆ ಸವರಿಸಿಕೊಂಡ ಹಾಲುವಾಣದಲ್ಲಿ ಒಂಬತ್ತಡಿಯ ನೇರ ಹಲಗೆ ಸಿಗುವುದಿಲ್ಲ, ಗೇಣಿಗೊಂದು ಗಂಟು. ಹಸಿಯಲ್ಲಿ ಕೊಯ್ದರೆ ಒಣಗುವಾಗ ಸೊಟ್ಟಗಾಗುತ್ತದೆ, ಒಣಗಿದ ಮೇಲೆ ಸ್ಪಂಜಿನಂತೆ ನೀರು ಕುಡಿಯುತ್ತದೆ. ಹವಾಯಿಯವರು ಹವಳದ ಕಲ್ಲಿನಿಂದ ಉಜ್ಜಿ, ಮಸಿ ಬಳಿದು, ಎಣ್ಣೆ ಕುಡಿಸಿ, ಆಡಿದ ಮೇಲೆ ಒಣಗಿಸಿ ಬಟ್ಟೆ ಸುತ್ತಿ ಇಡುತ್ತಿದ್ದರು. ಜನಸಾಮಾನ್ಯರ ಗಿಡ್ಡ ಹಲಗೆಗೆ ಕೋವಾ ಮರ, ಜೀಗುಜ್ಜೆ ಮರ ಆಗುತ್ತಿತ್ತು. ಈ ಆಟವನ್ನು 1914-15ರ ಬೇಸಿಗೆಯಲ್ಲಿ ಸಿಡ್ನಿಯ ಫ್ರೆಶ್‌ವಾಟರ್ ದಂಡೆಯಲ್ಲಿ ಆಡಿತೋರಿಸಿದ ಹವಾಯಿಯ ಡ್ಯೂಕ್ ಕಹಾನಮೊಕು, 1912ರ ಒಲಿಂಪಿಕ್ಸಿನಲ್ಲಿ ನೂರು ಮೀಟರ್ ಈಜಿನ ಚಿನ್ನ ಗೆದ್ದವರು. ಅವರ ಹದಿನಾರಡಿಯ ಹಲಗೆಯ ತೂಕ ಸುಮಾರು ಐವತ್ತು ಕಿಲೋ. ಕಾಫಿ ಬೆಳೆಗಾರರ ಲೆಕ್ಕದಲ್ಲಿ ಸರಿಯಾಗಿ ಒಂದು ಮೂಟೆ. ಮೂಟೆ ಹೊತ್ತು ಮರಳು ದಾಟಿ, ಅದರ ಮೇಲೆ ನಿಂತು ಸಮುದ್ರದಿಂದ ಬರುವುದು! 1950ರ ದಶಕದ ಕೊನೆಗೆ ಫೋಮು ಬಂದ ಮೇಲೆ ಈ ಕೂಲಿ ತಪ್ಪಿತು.

ಹಲಗೆಗಿಂತ ಅಲೆಯದೇ ದೊಡ್ಡ ಕಥೆ. ಶ್ರಾವಣದಲ್ಲಿ ಮಲೆನಾಡಿನ ಗದ್ದೆಯ ಬದುವಿನ ಮೇಲೆ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ. ಗಾಳಿ ಹಾಯ್ದರೆ ಪೈರಿನ ಮೇಲೆ ಅಲೆ ಓಡುತ್ತದೆ; ಪೈರು ಬುಡ ಬಿಟ್ಟು ಕದಲುವುದಿಲ್ಲ. ನಡುಸಮುದ್ರದ ನೀರೂ ಹೀಗೆಯೇ, ನಿಂತಲ್ಲೇ ಸುತ್ತು ಹಾಕುತ್ತದೆ. ಓಡುವುದು ಅದಕ್ಕೆ ಗಾಳಿ ಕೊಟ್ಟ ಶಕ್ತಿ. ಹತ್ತು ಸೆಕೆಂಡಿಗೊಂದರಂತೆ ಬರುವ ಅಲೆಗಳ ನಡುವೆ ಆಳದ ನೀರಿನಲ್ಲಿ ಸುಮಾರು 156 ಮೀಟರ್ ಅಂತರ. ಆಳ ಅದರ ಅರ್ಧಕ್ಕೆ, ಅಂದರೆ 78 ಮೀಟರಿಗೆ ಇಳಿದ ಕೂಡಲೇ ಅಲೆಗೆ ನೆಲ ಸೋಕಲು ಶುರು. ಆಮೇಲೆ ವೇಗ ಇಳಿಯುತ್ತ, ಹಿಂದಿನ ಅಲೆ ಹತ್ತಿರವಾಗುತ್ತ, ಅಲೆ ಎತ್ತರ ಏರುತ್ತದೆ; ಕೊನೆಗೆ ಕಾಲು ತಡೆದವನ ತಲೆ ಮುಂದಕ್ಕೆ ವಾಲಿದ ಹಾಗೆ ನೆತ್ತಿ ಮುರಿದು ಬೀಳುತ್ತದೆ. ಮೂರಡಿಯ ಅಲೆ ಹೆಚ್ಚುಕಡಿಮೆ ನಾಲ್ಕಡಿ ನೀರಿನಲ್ಲಿ ಮುರಿಯುತ್ತದೆ. ಹಾಗಾಗಿ ಸವಾರಿಯ ಹಣೆಬರಹ ಬರೆಯುವುದು ತಳದ ಮರಳು. ಶಾಂಭವಿ, ನಂದಿನಿ ಎರಡೂ ಸಮುದ್ರ ಸೇರುವ, ಮೂಲ್ಕಿ ಪಕ್ಕದ ಸಸಿಹಿತ್ಲಿನ ಅಳಿವೆಯಲ್ಲಿ ನದಿ ತಂದ ಮರಳು ದಿಬ್ಬ ಕಟ್ಟುತ್ತದೆ, ಅಲೆ ಅದರ ಓರೆ ಹಿಡಿದು ಒಂದು ಮಗ್ಗುಲಿನಿಂದ ಮುರಿಯುತ್ತ ಹೋಗುತ್ತದೆ. ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ 2016ರಲ್ಲಿ ನಡೆದದ್ದು ಅಲ್ಲಿಯೇ. ಒಂದು ಮಳೆಗಾಲ ಕಳೆದರೆ ದಿಬ್ಬದ ಜಾಗ ಬೇರೆ. ಹೋದ ವರ್ಷದ ಗುರುತು ಹಿಡಿದು ಹೋದವರು ಪೆಚ್ಚಾಗಿ ನಿಲ್ಲುತ್ತಾರೆ.

ಇನ್ನು ಗಾಳಿ. ಬೆಳಗಿನ ಜಾವ ನೆಲ ತಣ್ಣಗಾಗಿ, ಘಟ್ಟದ ಕಡೆಯಿಂದ ಸಮುದ್ರಕ್ಕೆ ತೆಳುಗಾಳಿ ಇಳಿಯುತ್ತದೆ. ಬರುವ ಅಲೆಯ ಎದೆಗೆ ಆತು ಅದು ಬೇಗ ಬೀಳದಂತೆ ಹಿಡಿದು ನಿಲ್ಲಿಸುತ್ತದೆ, ಮೈ ಗಾಜಿನಂತೆ ನುಣುಪಾಗುತ್ತದೆ. ಹತ್ತು ಹನ್ನೊಂದರ ಹೊತ್ತಿಗೆ ಗಾಳಿ ತಿರುಗಿ ಸಮುದ್ರದಿಂದ ಬೀಸತೊಡಗಿದರೆ ಎಲ್ಲ ಕಲಸುಮೇಲೋಗರ. ಹಾಸನದಿಂದ ಬೆಳಗ್ಗೆ ಏಳಕ್ಕೆ ಆರಾಮಾಗಿ ಹೊರಟವರಿಗೆ ದಕ್ಕುವುದು ಮೀನೂಟ ಮಾತ್ರ. ಹಿಂದಿನ ರಾತ್ರಿಯೇ ಇಳಿದು ಅಲ್ಲಿ ಮಲಗುವುದು ಲೇಸು.

ಇಳಿಯುವಾಗ ಹಲಗೆಯನ್ನು ಕಾರಿನ ಮೇಲೆ ಬೋರಲು ಹಾಕಿ, ಅಡಿಯಲ್ಲಿ ಮೀನಿನ ರೆಕ್ಕೆಯಂತಿರುವ ಫಿನ್ನುಗಳ ಕಡೆಯನ್ನು ಮುಂದೆ ಮಾಡಿ ಪಟ್ಟಿಯಿಂದ ಕಟ್ಟಬೇಕು. ಗಾಳಿಗೆ ಹಿಂದೆ ಸರಿದರೂ ಫಿನ್ನು ಪಟ್ಟಿಗೆ ಸಿಕ್ಕಿ ನಿಲ್ಲುತ್ತದೆ. ಲಾರಿಗೆ ಹಗ್ಗ ಬಿಗಿದಂತೆ ಬಿಗಿದರೆ ಅಂಚಿನಲ್ಲಿ ಸೀಳು ಬಿಡುತ್ತದೆ. ಕೈಯಿಂದ ಎಳೆದಷ್ಟು ಸಾಕು. ಶಿರಾಡಿಯ ಉದ್ದಕ್ಕೂ ಪಟ್ಟಿ 'ಭೊಂಯ್' ಎಂದು ತಲೆ ತಿನ್ನುತ್ತದೆ. ಒಂದೇ ಒಂದು ತಿರುಚು ಕೊಟ್ಟು ಕಟ್ಟಿದರೆ ಮೌನ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಹಲಗೆ ಇಡಬಾರದು. ಕಾಲು ಜಾರದಿರಲೆಂದು ಮೇಲೆ ಉಜ್ಜಿದ ಮೇಣ ಕರಗಿ ಸೀಟಿಗೆ ಹತ್ತುವುದಲ್ಲದೆ, ಒಳಗಿನ ಫೋಮಿನ ಗಾಳಿ ಹಿಗ್ಗಿ ಹಪ್ಪಳದ ಹಾಗೆ ಗುಳ್ಳೆ ಏಳುತ್ತದೆ.

ಕಲಿಯುವವರಿಗೆ ಎಂಟರಿಂದ ಒಂಬತ್ತಡಿಯ, ಇಪ್ಪತ್ತೆರಡು ಇಪ್ಪತ್ಮೂರು ಇಂಚು ಅಗಲದ ಮೆದು ಹಲಗೆಯೇ ಆಗಬೇಕು. ಆರಡಿಯ ಚೂಪು ಹಲಗೆ ನೋಡಲು ಚೆಂದ, ಆದರೆ ಹೊಸಬರನ್ನು ಹೊರದೆ ಮುಳುಗಿಸುತ್ತದೆ. ಬಿದ್ದಾಗ ಹಲಗೆ ದೂರ ಹೋಗದಂತೆ ಹಿಡಿಯುವ, ಹಲಗೆಯಷ್ಟೇ ಉದ್ದದ ಲೀಶ್ ಹಗ್ಗವನ್ನು ಹಿಂಗಾಲಿನ ಹರಡಿಗೆ ಕಟ್ಟಬೇಕು. ಹಿಂಗಾಲು ಯಾವುದೆಂದು ತಿಳಿಯಲು ಯಾರಾದರೂ ಹೇಳದೆ ಕೇಳದೆ ಬೆನ್ನಿಗೆ ಮೆಲ್ಲಗೆ ತಳ್ಳಲಿ. ಮುಗ್ಗರಿಸಿ ಮುಂದಿಟ್ಟದ್ದು ಮುಂಗಾಲು. ಬಲಗಾಲು ಮುಂದೆ ಬಂದರೆ ಗೂಫಿ ಎನ್ನುತ್ತಾರೆ, ಬೇಸರ ಬೇಡ.

ಇಲ್ಲೊಂದು ಮಲೆನಾಡಿನವರಿಗೆ ಅನುಕೂಲ. ನಿಲ್ಲುವ ಅಭ್ಯಾಸಕ್ಕೆ ಕಾಫಿ ಕಣದಂಥ ಜಾಗ ಕರಾವಳಿಯಲ್ಲೂ ಇಲ್ಲ. ಕೊಯ್ಲು ಮುಗಿದು ಖಾಲಿಯಾದ ಕಣದಲ್ಲಿ ಸುಣ್ಣದ ಕಡ್ಡಿಯಿಂದ ಹಲಗೆಯ ಆಕಾರ ಬರೆದು, ನಡುವೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಬೋರಲು ಮಲಗಿ, ಅಂಗೈಗಳನ್ನು ಪಕ್ಕೆಲುಬಿನ ಹತ್ತಿರ ಚಪ್ಪಟೆಯಾಗಿ ಊರಿ. ಅಂಚು ಹಿಡಿದರೆ ನೀರಿನಲ್ಲಿ ಹಲಗೆ ಮಗುಚುತ್ತದೆ. ಎದೆ ಎತ್ತಿ, ಹಿಂಗಾಲು ಅಡ್ಡಡ್ಡ ಊರಿ, ಮುಂಗಾಲನ್ನು ಎರಡು ಕೈಗಳ ನಡುವೆ ಗೆರೆಯ ಮೇಲೆ ತನ್ನಿ. ಮೊಣಕಾಲು ಊರಿ ಏಳುವ ಚಟ ಬಿದ್ದರೆ ಬಿಡಿಸುವುದು ಕಷ್ಟ. ದಿನಕ್ಕೆ ಮೂವತ್ತು ಸಲ ಏಳಿ. ಎದ್ದ ಮೇಲೆ ಮಂಡಿ ಬಾಗಿರಲಿ, ಕಣ್ಣು ದೂರದ ಸಿಲ್ವರ್ ಓಕಿನ ಮೇಲಿರಲಿ. ಪಾದ ನೋಡಿಕೊಂಡವರು ಪಾದದ ಬಳಿಗೇ ಬೀಳುತ್ತಾರೆ. ತೋಟದ ಆಳುಗಳು ನಕ್ಕಾರು, ಅವರೂ ಒಂದು ಸಲ ಮಾಡಿ ನೋಡಿಯಾರು.

ನೀರಿನಲ್ಲಿ ಕೆಡುವುದು ಮಲಗುವ ಜಾಗದಿಂದ. ಒಂದು ಗೇಣು ಮುಂದಾದರೆ ಹಲಗೆಯ ಮೂತಿ ನೀರಿಗೆ ಚುಚ್ಚಿ ಸವಾರ ಪಲ್ಟಿ. ಒಂದು ಗೇಣು ಹಿಂದಾದರೆ ಬಾಲ ಕುಸಿದು ಅಲೆ ಅಡಿಯಿಂದ ಜಾರಿಹೋಗುತ್ತದೆ. ಮೂತಿ ನೀರಿಗಿಂತ ಎರಡು ಮೂರು ಬೆರಳು ಮೇಲಿದ್ದರೆ ಸರಿ. ಅಲೆ ಹಿಂದೆ ಬಂದಾಗ ಏಳೆಂಟು ಸಲ ಜೋರಾಗಿ ಕೈಬೀಸಬೇಕು, ಬಾಲ ಎತ್ತಿದ ಹಾಗಾದರೂ ಇನ್ನೆರಡು ಬೀಸು. ಬಹಳ ಮಂದಿ ಆ ಎರಡು ಬೀಸಿನಲ್ಲಿ ಸೋಲುತ್ತಾರೆ. ಬೀಳುವಾಗ ಮಗ್ಗುಲಿಗೆ ಚಪ್ಪಟೆಯಾಗಿ ಬಿದ್ದು, ಮೇಲೇಳುವಾಗ ತಲೆಗೆ ಕೈ ಅಡ್ಡ ಹಿಡಿಯಬೇಕು. ಹಲಗೆ ಎಂದೂ ನಿಮಗೂ ಅಲೆಗೂ ನಡುವೆ ಬರಕೂಡದು, ಬಂದರೆ ಅಲೆ ಅದನ್ನು ನಿಮ್ಮ ಹಲ್ಲಿಗೇ ಕೊಡುತ್ತದೆ.

ಕೆರೆಯಲ್ಲಿ ಕಲಿತ ಈಜಿಗೆ ಗೊತ್ತಿಲ್ಲದ ಸಂಗತಿ ಸೆಳೆತ. ದಂಡೆಗೆ ಬಂದ ನೀರು ವಾಪಸು ಹೋಗಲು ಮಾಡಿಕೊಂಡ ಓಣಿ ಅದು. ಅಕ್ಕಪಕ್ಕ ಅಲೆ ಮುರಿಯುತ್ತಿದ್ದರೂ ಆ ಪಟ್ಟೆಯಲ್ಲಿ ನೀರು ತೆಪ್ಪಗೆ, ಮರಳು ಕದಡಿದ ಕಂದು ಬಣ್ಣದಲ್ಲಿರುತ್ತದೆ. ಸಾಧುವಾಗಿದೆ ಎಂದು ಹೊಸಬರು ಅಲ್ಲೇ ಇಳಿಯುತ್ತಾರೆ. ಸಿಕ್ಕಿಬಿದ್ದರೆ ದಂಡೆಗೆ ಎದುರಾಗಿ ಹೋರಾಡದೆ, ಹಲಗೆ ಬಿಡದೆ, ದಂಡೆಯ ಉದ್ದಕ್ಕೆ ಅಡ್ಡಲಾಗಿ ಸಾಗಿ ಓಣಿ ದಾಟಬೇಕು. ಪಳಗಿದವರು ಇದೇ ಓಣಿಯನ್ನು ಪುಕ್ಕಟೆ ಬಸ್ಸಿನಂತೆ ಹತ್ತಿ ಆಚೆ ಹೋಗುತ್ತಾರೆ.

ಆಚೆ ಹೋಗಿ ಮಾಡುವುದೇನು? ಕೂತಿರುವುದು. ಫೋಟೋದಲ್ಲಿ ಕಾಣುವ ನಿಂತ ಭಂಗಿ ಒಟ್ಟು ಹೊತ್ತಿನಲ್ಲಿ ಒಂದು ಚೂರು; ಮಿಕ್ಕದ್ದೆಲ್ಲ ಕೈಬೀಸುವುದು ಮತ್ತು ಹಲಗೆಯ ಮೇಲೆ ಕಾಲು ಇಳಿಬಿಟ್ಟು ದಿಗಂತ ನೋಡುವುದು. ಅಲೆಗಳು ಗುಂಪುಗುಂಪಾಗಿ ಬರುತ್ತವೆ, ಆಮೇಲೆ ಸುಮ್ಮನೆ ಒಂದಷ್ಟು ಹೊತ್ತು. ಮಾರ್ಚಿ ತಿಂಗಳಲ್ಲಿ ಹೂಮಳೆಗೆ ಆಕಾಶ ನೋಡುತ್ತ ಜಗಲಿಯಲ್ಲಿ ಕೂತು ರೂಢಿಯಿದ್ದವರಿಗೆ ಈ ಭಾಗ ಯಾರೂ ಕಲಿಸಬೇಕಿಲ್ಲ. ಬಂದ ಅಲೆಗೆ ಸರದಿಯ ನ್ಯಾಯವೂ ಇದೆ. ಅದು ಮುರಿಯತೊಡಗುವ ಜಾಗಕ್ಕೆ ಯಾರು ಹತ್ತಿರವೋ ಅಲೆ ಅವರದ್ದು, ಉಳಿದವರು ಕೈ ಹಿಂದೆ. ನುಗ್ಗಿದವರಿಗೆ ಮೂಲ್ಕಿಯ ಹುಡುಗರು ತುಳುವಿನಲ್ಲಿ ಏನೋ ಅನ್ನುತ್ತಾರೆ. ಅನುವಾದ ಕೇಳದಿರುವುದು ಕ್ಷೇಮ.

ಜೂನಿನಲ್ಲಿ ನೈಋತ್ಯದ ಗಾಳಿ ಬಲಿತು ಅರಬ್ಬಿ ಸಮುದ್ರ ಕೆರಳಿದಾಗ ಕಲಿಯುವವರಿಗೆ ಆಟ ಬಂದ್. ಅದೇ ಗಾಳಿ ಘಟ್ಟ ಹತ್ತಿ ಕೊಟ್ಟಿಗೆಹಾರದಲ್ಲಿ, ಹೆತ್ತೂರಿನಲ್ಲಿ ಕೊಡೆ ಮುರಿಯುತ್ತದೆ, ರಸ್ತೆಯೂ ಕುಸಿಯುತ್ತದೆ. ಹಲಗೆಗೆ ಮೂರು ತಿಂಗಳ ಅಜ್ಞಾತವಾಸ. ಸಿಹಿನೀರಿನಲ್ಲಿ ತೊಳೆದು, ಹಳೆ ಮೇಣ ಹೆರೆದು, ಫಿನ್ ಬಿಚ್ಚಿ, ಗೋದಾಮಿನಲ್ಲಿ ಗೋಡೆಗೆ ಗೋಣಿ ಕಟ್ಟಿ ಅಡ್ಡಲಾಗಿ ಇಡಬೇಕು. ತಗಡಿನ ಮಾಡಿನಡಿ ಅಟ್ಟಕ್ಕೇರಿಸಿದರೆ ಬಿಸಿಲು ಬಂದ ದಿನ ಬೇಯುತ್ತದೆ. ಲೀಶ್ ಹಗ್ಗವನ್ನು ಬೇರೆ ತೆಗೆದು ಡಬ್ಬಿಯಲ್ಲಿಡಿ. ಉಪ್ಪಿನ ರುಚಿಗೋ ಏನೋ, ಮೆಣಸಿನ ಮೂಟೆ ಬಿಟ್ಟು ಇಲಿ ಮೊದಲು ಅದನ್ನೇ ಕಡಿಯುತ್ತದೆ.