ಎಡ-ಬಲದ ಗೊಂದಲವೇ ದೊಡ್ಡದು
ವಿಡಿಯೋ ಗೇಮ್‌ನಲ್ಲಿ ‘ಬಗ್ಗಿ’ (ಮಣ್ಣಿನ ಹಾದಿಯಲ್ಲಿ ಓಡುವ ಕಾರು) ಓಡಿಸಿ ಪಳಗಿದವರಿಗೆ ಆರ್‌ಸಿ ಕಾರು, ಅಂದರೆ ರಿಮೋಟ್‌ನಿಂದ ಓಡಿಸುವ ಪುಟ್ಟ ಕಾರು, ನೀರು ಕುಡಿದಷ್ಟು ಸುಲಭ ಎಂದು ಬರೆದಿದ್ದೀರಿ. ನಾನು ಒಪ್ಪಲಾರೆ. 1999ರ ಆರ್‌ಸಿ ಕಾರು ರೇಸ್ ಗೇಮ್ ರೀ-ವೋಲ್ಟ್ ಆಡಿಯೇ ನನಗೆ ಈ ಹುಚ್ಚು ಹಿಡಿದದ್ದು, ಆದರೆ ಅಲ್ಲಿ ಕ್ಯಾಮೆರಾ ಕಾರಿನ ಬೆನ್ನ ಹಿಂದೆಯೇ ಓಡುತ್ತದೆ. ನಿಜವಾದ ಟ್ರ್ಯಾಕ್‌ನಲ್ಲಿ ನಾವು ನಿಂತಲ್ಲೇ ನಿಂತಿರುತ್ತೇವೆ. ಕಾರು ತಿರುಗಿ ನಮ್ಮತ್ತ ಬರುವಾಗ ಎಡ-ಬಲ ಅದಲುಬದಲು! ನನ್ನ 1:10 ಅಳತೆಯ (ನಿಜ ಕಾರಿನ ಹತ್ತನೇ ಒಂದರಷ್ಟು) ಬಗ್ಗಿ ಒಂದೇ ತಿರುವಿನಲ್ಲಿ ಗೋಡೆಗೆ ಗುದ್ದಿ, ಮುಂದಿನ ಸಸ್ಪೆನ್ಷನ್ ಆರ್ಮ್ (ಚಕ್ರವನ್ನು ಕಾರಿನ ಮೈಗೆ ಜೋಡಿಸುವ ತೋಳು) ಎರಡು ಸಲ ಮುರಿಯಿತು.

ಜಿಗಿತದ ಸೊಗಸೇ ಬೇರೆ ಬಿಡಿ. ಗಾಳಿಯಲ್ಲಿರುವಾಗ ಥ್ರಾಟಲ್ (ವೇಗ ಹೆಚ್ಚಿಸುವ ಗುಂಡಿ) ಒತ್ತಿದರೆ ಚಕ್ರಗಳು ರೊಯ್ಯನೆ ತಿರುಗಿ ಮೂತಿ ಮೇಲೇಳುತ್ತದೆ, ಬ್ರೇಕ್ ಹಿಡಿದರೆ ಬಾಗುತ್ತದೆ. ಅದು ಬೆರಳಿಗೆ ಹತ್ತಿದ ದಿನ, ಬಗ್ಗಿ ನಾಲ್ಕೂ ಚಕ್ರ ಊರಿ ಮೆತ್ತಗೆ ಇಳಿದದ್ದನ್ನು ಕಂಡು ಕುಣಿದಾಡಿಬಿಟ್ಟೆ.